ಬಸುರಿಯ ತೂಕ ಹದವಾಗಿ ಏರಲು ಮೊಬೈಲ್ ಮೆಸೇಜ್: ಕಳಿಸುವವರಿಗೆ ಸಮಗ್ರ ಮಾರ್ಗದರ್ಶಿ

ತಾಯಿ ಕಾರ್ಡಿನಲ್ಲಿ ತೂಕ ಬರೆಯಲು ಜಾಗ ಇದೆ. ಪ್ರತಿ ತಪಾಸಣೆಯಲ್ಲೂ ಅಲ್ಲಿ ಒಂದು ಅಂಕಿ ಬೀಳುತ್ತದೆ. ಹೋದ ತಿಂಗಳ ಅಂಕಿಯ ಪಕ್ಕ ಇಟ್ಟು ನೋಡಿ, "ಯಾಕಮ್ಮ, ಅರ್ಧ ಕೆಜಿನೂ ಏರಿಲ್ಲ?" ಎಂದು ಕೇಳುವವರು ಮಾತ್ರ ಕಡಿಮೆ. ಒಂದು ತಪಾಸಣೆಗೂ ಇನ್ನೊಂದಕ್ಕೂ ನಡುವೆ ಒಂದು ತಿಂಗಳು ಇರುತ್ತದೆ. ಆಕೆ ಉಣ್ಣುವುದು, ಬಿಡುವುದು, ದುಡಿಯುವುದು, ಮಲಗುವುದು ಎಲ್ಲ ಆ ತಿಂಗಳಲ್ಲೇ. ಆ ಹೊತ್ತಿನಲ್ಲಿ ಆಕೆಯ ಜೊತೆ ಇರೋದು ಮೊಬೈಲ್.

ಈ ಬರಹ ಚಿಕ್ಕಬಳ್ಳಾಪುರ ಜಿಲ್ಲೆಯ ಹಳ್ಳಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಆಶಾ ಕಾರ್ಯಕರ್ತೆಯರು, ಅಂಗನವಾಡಿ ಟೀಚರ್‌ಗಳು, ಉಪಕೇಂದ್ರದ ಸಿಸ್ಟರ್‌ಗಳು, ಸಣ್ಣ ನರ್ಸಿಂಗ್ ಹೋಂ ನಡೆಸುವವರು, ಎಲ್ಲರಿಗೂ ಬಳಕೆಗೆ ಬರುತ್ತದೆ. ಊರಲ್ಲಿರುವ ತಂಗಿಯ ಮೇಲೆ ಬೆಂಗಳೂರಿನಿಂದ ನಿಗಾ ಇಡುವ ಅಕ್ಕನಿಗೂ ಆಗುತ್ತದೆ. ಇಡೀ ಬರಹದಲ್ಲಿ ನಾನು ಒತ್ತಿ ಹೇಳುವುದು ಒಂದೇ ಮಾತು. ಉಪದೇಶದ ಮೆಸೇಜ್ ಯಾರೂ ಎರಡನೇ ಸಲ ಓದುವುದಿಲ್ಲ. ಪ್ರಶ್ನೆ ಕೇಳಿ, ಉತ್ತರ ತರಿಸಿಕೊಂಡು, ಆ ಉತ್ತರಕ್ಕೆ ಸರಿಯಾಗಿ ಮುಂದಿನ ಮಾತು ಹೇಳುವ ಮೆಸೇಜ್ ಕೆಲಸ ಮಾಡುತ್ತದೆ.

ಮೆಸೇಜ್ ಮೂಲಕ ಬಸುರಿಯರನ್ನು ತಲುಪುವುದು ಹೊಸತೇನಲ್ಲ. ಅಮೆರಿಕದಲ್ಲಿ ಟೆಕ್ಸ್ಟ್‌ಫಾರ್‌ಬೇಬಿ ಸೇವೆ 2010ರಲ್ಲೇ ಶುರುವಾಯಿತು. ದಕ್ಷಿಣ ಆಫ್ರಿಕಾದಲ್ಲಿ ಮಾಮ್‌ಕನೆಕ್ಟ್ 2014ರಲ್ಲಿ ಬಂತು. ನಮ್ಮ ಕೇಂದ್ರ ಸರ್ಕಾರದ ಕಿಲ್ಕಾರಿ 2016ರಲ್ಲಿ ಧ್ವನಿ ಕರೆಯ ರೂಪದಲ್ಲಿ ಆರಂಭವಾಯಿತು. ಆಸ್ಟ್ರೇಲಿಯಾದಲ್ಲಿ 100 ಗರ್ಭಿಣಿಯರ ಮೇಲೆ ನಡೆದ ಒಂದು ಸಣ್ಣ ಪ್ರಯೋಗದ ಫಲಿತಾಂಶ 2017ರಲ್ಲಿ ಹೊರಬಂತು. ಮೆಸೇಜ್ ಜೊತೆಗೆ ತಾವೇ ತೂಕ ನೋಡಿ ಬರೆದುಕೊಂಡವರ ತೂಕ, ಉಳಿದವರಿಗಿಂತ ಸರಾಸರಿ 2 ಕೆಜಿಯಷ್ಟು ಕಡಿಮೆ ಏರಿತ್ತು. ಆದರೆ ಅಲ್ಲಿನ ಚಿಂತೆ ತೂಕ ಅತಿಯಾಗುವುದು. ನಮ್ಮಲ್ಲಿ ಎರಡೂ ಇವೆ. ಒಂದೇ ಬೀದಿಯಲ್ಲಿ ಒಬ್ಬಾಕೆ ಎಂಟನೇ ತಿಂಗಳಲ್ಲೂ 44 ಕೆಜಿ, ಪಕ್ಕದ ಮನೆಯಾಕೆ 78 ಕೆಜಿ. ಹಾಗಾಗಿ ಎಲ್ಲರಿಗೂ ಒಂದೇ ಮೆಸೇಜ್ ಕಳಿಸಿದರೆ ಒಬ್ಬರಿಗಾದರೂ ತಪ್ಪು ಮಾತು ಹೋಗಿರುತ್ತದೆ.

ಹಂತ 1: ಯಾರಿಗೆ ಎಷ್ಟು ಏರಬೇಕು, ಲೆಕ್ಕ ಮಾಡಿಟ್ಟುಕೊಳ್ಳಿ

ಎಎನ್‌ಎಂ, ಅಂದರೆ ಉಪಕೇಂದ್ರದ ಸಿಸ್ಟರ್‌ಗಳಿಗೆ ಸರ್ಕಾರ ಕೊಟ್ಟ ಕೈಪಿಡಿಯ ಲೆಕ್ಕ ಸರಳ. ಬಸುರಿನ ಉದ್ದಕ್ಕೂ 9ರಿಂದ 11 ಕೆಜಿ ಏರಬೇಕು. ಮೊದಲ ಮೂರು ತಿಂಗಳು ಕಳೆದ ಮೇಲೆ ತಿಂಗಳಿಗೆ ಸುಮಾರು 2 ಕೆಜಿ. ಒಂದೇ ತಿಂಗಳಲ್ಲಿ 3 ಕೆಜಿ ಮೀರಿದರೆ ಬಿಪಿ, ಸಕ್ಕರೆ ಕಾಯಿಲೆ ಅಥವಾ ಅವಳಿ ಮಕ್ಕಳ ಅನುಮಾನ ಪಡಬೇಕು.

ಇನ್ನೂ ಸೂಕ್ಷ್ಮವಾಗಿ ನೋಡಬೇಕಾದರೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಎಂದು ತೋರಿಸುವ ಅಂಕಿ, ತೆಗೆಯಿರಿ. ಬಸುರಾಗುವ ಮುಂಚಿನ ತೂಕವನ್ನು ಎತ್ತರದಿಂದ ಎರಡು ಸಲ ಭಾಗಿಸಿದರೆ ಆಯಿತು. ಎತ್ತರ ಮೀಟರ್ ಲೆಕ್ಕದಲ್ಲಿರಲಿ. 150 ಸೆಂಟಿಮೀಟರ್ ಎತ್ತರದಾಕೆ 40 ಕೆಜಿ ಇದ್ದರೆ 17.8, 50 ಕೆಜಿ ಇದ್ದರೆ 22.2, 60 ಕೆಜಿ ಇದ್ದರೆ 26.7. ಅಮೆರಿಕದ ವೈದ್ಯಕೀಯ ಸಂಸ್ಥೆ 2009ರಲ್ಲಿ ಕೊಟ್ಟ ಮಿತಿಗಳನ್ನು ಇಲ್ಲಿನ ಬಹಳ ವೈದ್ಯರು ಬಳಸುತ್ತಾರೆ:

- 18.5ಕ್ಕಿಂತ ಕಡಿಮೆ: ಒಟ್ಟು 12.5ರಿಂದ 18 ಕೆಜಿ
- 18.5ರಿಂದ 24.9: 11.5ರಿಂದ 16 ಕೆಜಿ
- 25ರಿಂದ 29.9: 7ರಿಂದ 11.5 ಕೆಜಿ
- 30 ಮತ್ತು ಮೇಲೆ: 5ರಿಂದ 9 ಕೆಜಿ

ಇಲ್ಲಿ ಒಂದು ಎಚ್ಚರಿಕೆ. ಭಾರತೀಯರಿಗೆ ಬಿಎಂಐ 23 ದಾಟಿದರೇ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಎಂದು ನಮ್ಮ ವೈದ್ಯರು ಲೆಕ್ಕ ಹಾಕುತ್ತಾರೆ. ಆದ್ದರಿಂದ 23 ದಾಟಿದವರ ಗುರಿಯನ್ನು ನೀವೇ ತೀರ್ಮಾನಿಸಬೇಡಿ. ತಿಂಗಳ 9ನೇ ತಾರೀಕು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರೇ ಉಚಿತವಾಗಿ ತಪಾಸಣೆ ಮಾಡುತ್ತಾರಲ್ಲ, ಅವತ್ತು ಕೇಳಿ ಕಾರ್ಡಿನ ಮೂಲೆಯಲ್ಲಿ ಬರೆಸಿಕೊಳ್ಳಿ. ಅವಳಿ ಮಕ್ಕಳಿದ್ದರೂ ಅಷ್ಟೇ, ಮೇಲಿನ ಪಟ್ಟಿ ಅವರಿಗಲ್ಲ.

ಮುಂಚಿನ ತೂಕ ನೆನಪಿಲ್ಲ ಅನ್ನುವವರೇ ಜಾಸ್ತಿ. ಮೂರು ತಿಂಗಳ ಒಳಗೆ ನೋಡಿದ ಮೊದಲ ತೂಕವನ್ನೇ ಶುರುವಿನ ತೂಕ ಅಂತ ಇಟ್ಟುಕೊಳ್ಳಿ.

"ಇಷ್ಟು ಕೆಜಿ ಎಲ್ಲಿಗೆ ಹೋಗುತ್ತೆ?" ಎಂದು ಮನೆಯವರು ಕೇಳುತ್ತಾರೆ. ಉತ್ತರ ನಿಮ್ಮ ಹತ್ತಿರ ಇರಲಿ. ಮಗು ಸುಮಾರು 3 ಕೆಜಿ, ಮಾಸು ಅರ್ಧ ಕೆಜಿಗಿಂತ ಸ್ವಲ್ಪ ಜಾಸ್ತಿ, ಗರ್ಭದ ನೀರು ಒಂದು ಕೆಜಿ ಹತ್ತಿರ, ಗರ್ಭಕೋಶ ಒಂದು ಕೆಜಿ, ಹೆಚ್ಚಿದ ರಕ್ತ ಒಂದೂವರೆ ಕೆಜಿ. ಉಳಿದದ್ದು ಮೈಯಲ್ಲಿ ನಿಲ್ಲುವ ನೀರು, ಎದೆಯ ಬೆಳವಣಿಗೆ ಮತ್ತು ಹಾಲೂಡಿಸುವ ಕಾಲಕ್ಕೆ ಮೈ ಕೂಡಿಡುವ ಕೊಬ್ಬು. ಇಷ್ಟನ್ನು ಕೇಳಿಸಿಕೊಂಡ ಅತ್ತೆಯ ಹತ್ತಿರ ಮುಂದಿನ ಮಾತು ಸುಲಭ.

ಹಂತ 2: ತೂಕದ ಮಷಿನ್ ಒಂದೇ ಇರಲಿ

ಅಂಗನವಾಡಿಯಲ್ಲಿ ಒಂದು ತಿಂಗಳು, ಮೆಡಿಕಲ್ ಅಂಗಡಿ ಮುಂದೆ ಒಂದು ತಿಂಗಳು, ಆಸ್ಪತ್ರೆಯಲ್ಲಿ ಇನ್ನೊಂದು ತಿಂಗಳು ತೂಕ ನೋಡಿದರೆ ಆ ಅಂಕಿಗಳು ಯಾವ ಕೆಲಸಕ್ಕೂ ಬರುವುದಿಲ್ಲ. ಒಂದು ಮಷಿನ್‌ಗೂ ಇನ್ನೊಂದಕ್ಕೂ ಒಂದೂವರೆ ಕೆಜಿ ವ್ಯತ್ಯಾಸ ಬಂದರೆ, ತಿಂಗಳಿಡೀ ಏರಬೇಕಾದ ತೂಕ ಅಲ್ಲೇ ಮುಚ್ಚಿಹೋಗುತ್ತದೆ.

ಒಂದೇ ಮಷಿನ್, ಸಮ ನೆಲ, ಚಪ್ಪಲಿ ಇಲ್ಲದೆ, ಸ್ವೆಟರ್ ಮತ್ತು ಕೈಚೀಲ ಪಕ್ಕಕ್ಕಿಟ್ಟು, ಸಾಧ್ಯವಾದರೆ ಬೆಳಿಗ್ಗೆ ತಿಂಡಿಗೆ ಮುಂಚೆ. ಹತ್ತುವ ಮುಂಚೆ ಸೊನ್ನೆ ತೋರಿಸುತ್ತಾ ನೋಡಿ. ಮಷಿನ್ ಮೇಲೆ ಅನುಮಾನ ಬಂದರೆ ಸೀಲ್ ಒಡೆಯದ 25 ಕೆಜಿ ಅಕ್ಕಿ ಮೂಟೆ ಇಟ್ಟು ಪರೀಕ್ಷಿಸಬಹುದು.

ವಾರವಾರ ತೂಕ ನೋಡಿಸುವ ಅಗತ್ಯ ನನಗೆ ಕಾಣುವುದಿಲ್ಲ. ತಿಂಗಳಿಗೊಮ್ಮೆ ಸಾಕು. ಏರುವುದು ಕಡಿಮೆ ಇರುವವರಿಗೆ 15 ದಿನಕ್ಕೊಮ್ಮೆ. ದಿನಾ ನೋಡಿದರೆ ಅರ್ಧ ಕೆಜಿ ಅತ್ತಿತ್ತ ಆಗಿದ್ದಕ್ಕೇ ಗಾಬರಿ ಶುರುವಾಗುತ್ತದೆ.

ಹಂತ 3: ಫೋನ್ ಯಾರ ಕೈಯಲ್ಲಿದೆ, ಕೇಳಿ

ಇದನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ. ತಾಯಿ ಕಾರ್ಡಿನಲ್ಲಿರುವ ನಂಬರ್ ಬಹಳ ಸಲ ಗಂಡನದ್ದು. ಆತ ಬೆಳಿಗ್ಗೆ ಫೋನ್ ಜೇಬಿಗಿಟ್ಟು ಚಿಂತಾಮಣಿ ಮಾರ್ಕೆಟ್‌ಗೋ ದೊಡ್ಡಬಳ್ಳಾಪುರದ ಫ್ಯಾಕ್ಟರಿಗೋ ಹೋಗಿಬಿಡುತ್ತಾರೆ. ನೀವು 11 ಗಂಟೆಗೆ ಕಳಿಸಿದ ಮೆಸೇಜ್ ಆಕೆಗೆ ತಲುಪುವುದು ರಾತ್ರಿ, ತಲುಪಿದರೆ.

ಮೊದಲ ಭೇಟಿಯಲ್ಲೇ ಆಕೆಯ ಹತ್ತಿರ ಕೂತು ನಾಲ್ಕು ವಿಷಯ ತಿಳಿದುಕೊಳ್ಳಿ. ಫೋನ್ ಯಾರದ್ದು, ಹಗಲು ಯಾರ ಹತ್ತಿರ ಇರುತ್ತದೆ? ಕನ್ನಡ ಓದಲು ಬರುತ್ತದಾ? ಯಾವ ಹೊತ್ತಿನಲ್ಲಿ ಬಿಡುವು? ತೂಕದ ವಿಷಯ ಮನೆಯಲ್ಲಿ ಯಾರು ನೋಡಿದರೆ ಪರವಾಗಿಲ್ಲ, ಯಾರು ನೋಡಿದರೆ ಬೇಡ?

ಬಾಗೇಪಲ್ಲಿ, ಗೌರಿಬಿದನೂರು ಕಡೆ ಮನೆಮಾತು ತೆಲುಗು ಇರುವವರು ಬಹಳ. ಕನ್ನಡ ಶಾಲೆಯಲ್ಲಿ ಓದಿದವರಿಗೆ ಕನ್ನಡ ಮೆಸೇಜ್ ಸರಿಹೋಗುತ್ತದೆ. ಮದನಪಲ್ಲಿಯಿಂದಲೋ ಹಿಂದೂಪುರದಿಂದಲೋ ಸೊಸೆಯಾಗಿ ಬಂದವರಿಗೆ ಅಕ್ಷರ ಬೇರೆ. ಅವರಿಗೆ ತೆಲುಗಿನಲ್ಲೇ ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಕಳಿಸಿ. ಮನೆಯಲ್ಲಿ ಉರ್ದು ಆಡುವವರಿಗೂ ಹಾಗೆಯೇ.

ಒಪ್ಪಿಗೆ ಬಾಯಿಮಾತಿನಲ್ಲಿ ಪಡೆದರೂ ಪುಸ್ತಕದಲ್ಲಿ ತಾರೀಕು ಹಾಕಿ ಗುರುತು ಮಾಡಿಕೊಳ್ಳಿ. ಬೇಡ ಅನ್ನಿಸಿದರೆ "ಸಾಕು" ಅಂತ ಬರೆದು ಕಳಿಸಿದರೆ ನಿಲ್ಲಿಸುತ್ತೇವೆ ಎಂದು ಮೊದಲೇ ಹೇಳಿ. ಮೂರು ತಿಂಗಳು ತುಂಬುವವರೆಗೆ ಬಸುರಿನ ಸುದ್ದಿ ಹೊರಗೆ ಹೇಳದ ಮನೆಗಳಿವೆ. ಅಂಥವರಿಗೆ ಅಲ್ಲಿಯವರೆಗೆ ಮೆಸೇಜ್ ಬೇಡ, ಮುಖತಃ ಮಾತಾಡಿ.

ಹಂತ 4: ಎಸ್‌ಎಂಎಸ್ಸೋ ವಾಟ್ಸಾಪೋ

ಕೀಪ್ಯಾಡ್ ಫೋನ್ ಇದ್ದರೆ ಎಸ್‌ಎಂಎಸ್. ಅದಕ್ಕೆ ಇಂಟರ್‌ನೆಟ್ ಬೇಡ, ಸಿಗ್ನಲ್ ಒಂದು ಕಡ್ಡಿ ಬಂದರೂ ತಲುಪುತ್ತದೆ. ಆದರೆ ಕೆಲವು ಹಳೇ ಕೀಪ್ಯಾಡ್ ಸೆಟ್‌ಗಳಲ್ಲಿ ಕನ್ನಡ ಅಕ್ಷರದ ಬದಲು ಚೌಕ ಚೌಕ ಕಾಣುತ್ತವೆ. ಮೊದಲೇ ಒಂದು ಕಳಿಸಿ, ಆಕೆಯ ಫೋನಿನಲ್ಲಿ ಹೇಗೆ ಬಂತು ಎಂದು ಕಣ್ಣಾರೆ ನೋಡಿ.

ಕನ್ನಡ ಲಿಪಿಯಲ್ಲಿ ಒಂದು ಎಸ್‌ಎಂಎಸ್‌ಗೆ 70 ಅಕ್ಷರ ಮಿತಿ. ಇಂಗ್ಲಿಷ್ ಅಕ್ಷರದಲ್ಲಿ 160. ಕನ್ನಡದಲ್ಲಿ ಎಣಿಕೆ ಬೇಗ ಏರುತ್ತದೆ, ಯಾಕೆಂದರೆ ಗುಣಿತ, ಒತ್ತು, ಸೊನ್ನೆ ಎಲ್ಲವೂ ಬೇರೆ ಬೇರೆ ಲೆಕ್ಕ. "ಒಂದು" ಎಂದು ಬರೆದರೆ ನಾಲ್ಕು ಎಣಿಕೆ. ಮಿತಿ ಮೀರಿದರೆ ಮೆಸೇಜ್ ತುಂಡಾಗಿ ಎರಡು ಮೂರರ ಲೆಕ್ಕ ಬೀಳುತ್ತದೆ. ಬಹಳ ರೀಚಾರ್ಜ್ ಪ್ಯಾಕ್‌ಗಳಲ್ಲಿ ದಿನಕ್ಕೆ 100 ಎಸ್‌ಎಂಎಸ್ ಸಿಗುತ್ತದೆ. ಒಬ್ಬ ಆಶಾಗೆ ಅದು ಧಾರಾಳ. ಈ ಕೆಳಗಿನದು 58 ಎಣಿಕೆ, ಒಂದರಲ್ಲೇ ಮುಗಿಯುತ್ತದೆ:

"ಅಮ್ಮ, ಈ ತಿಂಗಳು ತೂಕ ಎಷ್ಟು ಬಂತು? ನಂಬರ್ ಮಾತ್ರ ಕಳಿಸಿ. ಆಶಾ ಅಕ್ಕ"

ವಾಟ್ಸಾಪ್ ಇದ್ದರೆ ಗ್ರೂಪ್ ಮಾಡಬೇಡಿ. ದಯವಿಟ್ಟು ಮಾಡಬೇಡಿ. ಒಬ್ಬಾಕೆಯ ತೂಕ ಊರಿಗೆಲ್ಲ ಗೊತ್ತಾದರೆ ಆಕೆ ಮತ್ತೆ ಯಾವತ್ತೂ ನಿಜವಾದ ನಂಬರ್ ಕಳಿಸುವುದಿಲ್ಲ. ಅದರ ಬದಲು ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ. ಒಂದು ಲಿಸ್ಟ್‌ಗೆ 256 ಜನರವರೆಗೆ ಸೇರಿಸಬಹುದು. ಮೆಸೇಜ್ ಪ್ರತಿಯೊಬ್ಬರಿಗೂ ಒಬ್ಬೊಬ್ಬರಿಗೇ ಬಂದಂತೆ ಹೋಗುತ್ತದೆ, ಉತ್ತರ ನಿಮಗೆ ಮಾತ್ರ ಬರುತ್ತದೆ. ಆದರೆ ಅವರ ಫೋನಿನಲ್ಲಿ ನಿಮ್ಮ ನಂಬರ್ ಸೇವ್ ಆಗಿರಬೇಕು, ಇಲ್ಲದಿದ್ದರೆ ತಲುಪುವುದೇ ಇಲ್ಲ. ಭೇಟಿಯ ದಿನವೇ ಸೇವ್ ಮಾಡಿಕೊಟ್ಟು ಬನ್ನಿ.

ಆಸ್ಪತ್ರೆಯ ಹೆಸರಿನಲ್ಲಿ ಕಂಪನಿಯ ಮೂಲಕ ಸಾವಿರಾರು ಎಸ್‌ಎಂಎಸ್ ಕಳಿಸಬೇಕಾದರೆ ಟ್ರಾಯ್‌ನ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) 2018ರ ನಿಯಮದಂತೆ ಕಳಿಸುವವರ ಹೆಸರು ಮತ್ತು ಮೆಸೇಜಿನ ನಮೂನೆ ಎರಡನ್ನೂ ಮೊದಲೇ ನೋಂದಾಯಿಸಬೇಕು. ಆ ಕೆಲಸ ಎಸ್‌ಎಂಎಸ್ ಕಂಪನಿಯವರೇ ಮಾಡಿಸಿಕೊಡುತ್ತಾರೆ.

ಹಂತ 5: ಮೆಸೇಜ್ ಬರೆಯುವ ಬಗೆ

ಒಂದು ಮೆಸೇಜ್, ಒಂದು ವಿಷಯ. "ಪೌಷ್ಟಿಕ ಆಹಾರ ಸೇವಿಸಿ" ಎಂದು ಬರೆದರೆ ಓದಿದವರಿಗೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ. ಆಕೆಯ ಅಡುಗೆಮನೆಯಲ್ಲಿ ಈಗಾಗಲೇ ಇರುವ ವಸ್ತುವಿನ ಹೆಸರು ಹೇಳಿ, ಅಳತೆ ಹೇಳಿ, ಹೊತ್ತು ಹೇಳಿ.

ಬಸುರಿಗೆ ದಿನಕ್ಕೆ ಜಾಸ್ತಿ ಬೇಕಾಗುವುದು 350 ಕ್ಯಾಲೊರಿ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕ ಹೇಳುತ್ತದೆ. ಒಂದು ಲೋಟ ಹಾಲು, ಒಂದು ಬೇಯಿಸಿದ ಮೊಟ್ಟೆ, ಒಂದು ಹಿಡಿ ಕಡಲೆಕಾಯಿ ಬೀಜ ಸೇರಿದರೆ ಹೆಚ್ಚೂಕಡಿಮೆ ಅಷ್ಟಾಯಿತು. ಇಬ್ಬರ ಊಟ ಒಬ್ಬಳೇ ಮಾಡಬೇಕು ಎನ್ನುವ ಮಾತಿಗೆ ಇದೇ ಉತ್ತರ. ಏನೂ ಜಾಸ್ತಿ ತಿನ್ನಬಾರದು, ಮಗು ದಪ್ಪ ಆದರೆ ಹೆರಿಗೆ ಕಷ್ಟ ಎನ್ನುವ ಮಾತಿಗೂ ಇದೇ ಉತ್ತರ. ಈ ಎರಡನೇ ಮಾತು ನಮ್ಮ ಕಡೆ ಇನ್ನೂ ಗಟ್ಟಿಯಾಗಿದೆ. ಆರನೇ ತಿಂಗಳಾದ ಮೇಲೆ ಬೇಕಂತಲೇ ಮುದ್ದೆ ಸಣ್ಣದು ಮಾಡುತ್ತಾರೆ. ತಾಯಿಯ ತೂಕ ಏರದಿದ್ದರೆ ಮಗು ಎರಡೂವರೆ ಕೆಜಿಗಿಂತ ಕಡಿಮೆ ಹುಟ್ಟುವ, ದಿನ ತುಂಬುವ ಮುಂಚೆಯೇ ಹುಟ್ಟುವ ಅಪಾಯ ಜಾಸ್ತಿ. ಅದನ್ನು ಹೆದರಿಸದೆ, ಒಂದೇ ಸಾಲಿನಲ್ಲಿ ಹೇಳಬಹುದು.

ಹಾಲಿನ ವಿಷಯವನ್ನೇ ನೋಡಿ. ಶಿಡ್ಲಘಟ್ಟ, ಚಿಂತಾಮಣಿ ಕಡೆ ಹಸು ಇಲ್ಲದ ರೈತರ ಮನೆ ಕಡಿಮೆ. ಬೆಳಿಗ್ಗೆ ಮತ್ತು ಸಂಜೆ ಹಾಲು ಕರೆದು ಕ್ಯಾನಿಗೆ ಸುರಿದು ನೇರ ಡೇರಿಗೆ. ಡಿಗ್ರಿ ನೋಡುತ್ತಾರೆ, ಲೀಟರ್ ಬರೆಯುತ್ತಾರೆ, ದುಡ್ಡು ಬರುತ್ತದೆ. ಮನೆಗೆ ಉಳಿಯುವುದು ಕಾಫಿಗೆ ಆಗುವಷ್ಟು. ಹಸು ಕರೆದ ಬಸುರಿ ಸೊಸೆಗೆ ಆ ಹಾಲಿನಲ್ಲಿ ಒಂದು ಲೋಟವೂ ಇಲ್ಲ. "ಹಾಲು ಕುಡಿಯಿರಿ" ಎಂದು ಆಕೆಗೆ ಮೆಸೇಜ್ ಕಳಿಸಿ ಪ್ರಯೋಜನ ಏನು? ಕ್ಯಾನ್ ಆಕೆಯ ಕೈಯಲ್ಲಿಲ್ಲ. ಈ ಮೆಸೇಜ್ ಹೋಗಬೇಕಾದ್ದು ಅತ್ತೆಗೆ:

"ಅಮ್ಮ, ಡೇರಿಗೆ ಹಾಕುವ ಮುಂಚೆ ಸೊಸೆಗೆ ಒಂದು ಲೋಟ ಹಾಲು ತೆಗೆದಿಡಿ."

ಹೀಗೆ ಪ್ರತಿ ಮಾತಿಗೂ ಅದು ಯಾರ ಕೈಯಲ್ಲಿದೆ ಎಂದು ಯೋಚಿಸಿ. ಮೊಟ್ಟೆ, ಹಣ್ಣು, ಕಾಳು ತರುವುದು ಗಂಡ: "ಅಣ್ಣ, ಸಂಜೆ ಬರುವಾಗ ಅರ್ಧ ಡಜನ್ ಮೊಟ್ಟೆ ತನ್ನಿ. ದಿನಕ್ಕೊಂದು ಅವರಿಗೆ." ಸಾರಿನಲ್ಲಿ ಕಾಳು ಯಾರ ತಟ್ಟೆಗೆ ಬೀಳುತ್ತದೆ ಎಂಬುದು ಬಡಿಸುವವರ ಕೈಯಲ್ಲಿ: "ಬಸ್ಸಾರು ಬಡಿಸುವಾಗ ಬಸುರಿಗೆ ಸೊಪ್ಪು ಕಾಳಿನ ಪಲ್ಯ ಒಂದು ಸೌಟು ಜಾಸ್ತಿ ಹಾಕಿ." ಅತ್ತೆ, ಗಂಡನಿಗೆ ಕಳಿಸುವ ಮುಂಚೆ ಆಕೆಯನ್ನು ಒಂದು ಮಾತು ಕೇಳಿರಬೇಕು. ಅವರಿಗೆ ಹೋಗುವ ಮೆಸೇಜಿನಲ್ಲಿ ಆಕೆಯ ತೂಕದ ಅಂಕಿ ಇರಬಾರದು.

ಆಕೆಗೇ ಹೋಗುವ ಮೆಸೇಜ್‌ಗಳು ಹೀಗಿರಲಿ:

"ಇವತ್ತು ಅಂಗನವಾಡಿ ಊಟಕ್ಕೆ ಹೋಗಿದ್ರಾ? ಹೌದು ಅಥವಾ ಇಲ್ಲ ಅಂತ ಕಳಿಸಿ."

"ಒಂದೇ ಸಲ ಉಣ್ಣೋಕೆ ಆಗ್ತಿಲ್ವಾ? ಮುದ್ದೆ ಚಿಕ್ಕದು ಮಾಡಿ, ದಿನಕ್ಕೆ ಐದು ಸಲ ತಿನ್ನಿ."

"ಹನ್ನೊಂದು ಗಂಟೆಗೆ ಹುರಿಟ್ಟಿಗೆ ಹಾಲು ಬೆಲ್ಲ ಕಲಸಿ ತಿನ್ನಿ. ಹೊಟ್ಟೆ ತಡೆಯುತ್ತೆ."

"ಕಬ್ಬಿಣದ ಮಾತ್ರೆ ತಗೊಂಡ ಮೇಲೆ ಒಂದು ಗಂಟೆ ಕಾಫಿ ಟೀ ಬೇಡ."

ಮಾತೃಪೂರ್ಣ ಯೋಜನೆಯ ಬಗ್ಗೆ ಪದೇ ಪದೇ ಕೇಳಿ. 2017ರ ಅಕ್ಟೋಬರ್ 2ರಂದು ಜಾರಿಗೆ ಬಂದ ಈ ಯೋಜನೆಯಲ್ಲಿ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಇದೆ. ಅನ್ನ, ಸಾರು, ಪಲ್ಯ, ಮೊಟ್ಟೆ ಅಥವಾ ಮೊಳಕೆ ಕಾಳು, ಹಾಲು, ಕಡಲೆಕಾಯಿ ಚಿಕ್ಕಿ. ಮೇಲೆ ಹೇಳಿದ 350 ಕ್ಯಾಲೊರಿ ಇಲ್ಲೇ ಸಿಕ್ಕಿಬಿಡುತ್ತದೆ. ಹೋಗಿ ಕೂತು ಉಣ್ಣಲು ನಾಚಿಕೆ, ಮನೆ ದೂರ, ಜಾತಿ ಮಾತು, ಕೆಲಸ ಬಿಟ್ಟು ಬರಲಾಗದು, ಕಾರಣ ಏನೇ ಇರಬಹುದು. ಕಾರಣ ತಿಳಿದರೆ ಟೀಚರ್ ಜೊತೆ ಮಾತಾಡಿ ಸರಿಮಾಡಬಹುದು.

ಬರೆಯಬಾರದ ಮಾತುಗಳೂ ಇವೆ. "ಪಕ್ಕದ ಮನೆಯವರು ನೋಡಿ ಎಷ್ಟು ಚೆನ್ನಾಗಿದ್ದಾರೆ", "ಇಷ್ಟು ದಪ್ಪ ಆದರೆ ಸಿಸೇರಿಯನ್ನೇ", "ನೀವು ಮಾತು ಕೇಳೋದೇ ಇಲ್ಲ". ಇಂಥ ಒಂದು ಮೆಸೇಜ್ ಹೋದರೆ ಉತ್ತರ ಬರುವುದು ನಿಲ್ಲುತ್ತದೆ.

ಹಂತ 6: ಯಾವ ತಿಂಗಳು ಏನು, ಯಾವ ಹೊತ್ತಿಗೆ

ವಾರಕ್ಕೆ ಎರಡು ಮೆಸೇಜ್ ಸಾಕು. ಒಂದು ತಿನ್ನುವುದು ಅಥವಾ ದುಡಿಮೆಯ ಬಗ್ಗೆ, ಇನ್ನೊಂದು ಪ್ರಶ್ನೆ. ದಿನಾ ಕಳಿಸಿದರೆ ಗುಡ್ ಮಾರ್ನಿಂಗ್ ಚಿತ್ರಗಳ ಜೊತೆ ಅವೂ ಸೇರಿಹೋಗುತ್ತವೆ.

ಮೊದಲ ಮೂರು ತಿಂಗಳಲ್ಲಿ ಒಟ್ಟು ಅರ್ಧದಿಂದ 2 ಕೆಜಿ ಏರಿದರೆ ಸಾಕು. ವಾಂತಿ ಇರುವವರಿಗೆ ಒಂದು ಕೆಜಿ ಇಳಿಯಲೂಬಹುದು. ಈ ಹೊತ್ತಿನ ಮೆಸೇಜ್ ಧೈರ್ಯದ್ದು: "ಎದ್ದ ಕೂಡಲೇ ಒಣ ರಸ್ಕ್ ಅಥವಾ ಪುರಿ ಸ್ವಲ್ಪ ತಿನ್ನಿ. ಆಮೇಲೆ ಏಳಿ." ನೀರೂ ನಿಲ್ಲದಷ್ಟು ವಾಂತಿ, ಮೂತ್ರ ಕಡಿಮೆ ಆಗಿದ್ದರೆ ಅದು ಆಸ್ಪತ್ರೆ ವಿಷಯ.

ನಾಲ್ಕನೇ ತಿಂಗಳಿಂದ ಲೆಕ್ಕ ಬಿಗಿಯಾಗಲಿ. ತೂಕದ ಪ್ರಶ್ನೆ ಪ್ರತಿ ತಿಂಗಳೂ ಅದೇ ತಾರೀಕಿಗೆ. ಈ ಹೊತ್ತಿಗೆ 180 ದಿನದ ಕಬ್ಬಿಣದ ಮಾತ್ರೆ, ದಿನಕ್ಕೆ ಎರಡು ಕ್ಯಾಲ್ಸಿಯಂ ಮಾತ್ರೆ ಶುರುವಾಗುತ್ತವೆ. ಎರಡನ್ನೂ ಒಟ್ಟಿಗೆ ನುಂಗಬಾರದು, ನಡುವೆ ಎರಡು ಗಂಟೆಯಾದರೂ ಬಿಡುವಿರಲಿ. ಮಾತ್ರೆಯಿಂದ ಹೊಟ್ಟೆ ತೊಳಸಿ ಊಟ ಬಿಡುವವರಿರುತ್ತಾರೆ, ಅದನ್ನೂ ಕೇಳಿ. 24ರಿಂದ 28 ವಾರದ ನಡುವೆ ಗ್ಲೂಕೋಸ್ ಕುಡಿಸಿ ಮಾಡುವ ಸಕ್ಕರೆ ಪರೀಕ್ಷೆಗೆ ಒಂದು ನೆನಪೋಲೆ ಕಡ್ಡಾಯ. ಅದರಲ್ಲಿ ಸಕ್ಕರೆ ಜಾಸ್ತಿ ಬಂದವರ ಹೆಸರನ್ನು ಬೇರೆ ಲಿಸ್ಟ್‌ಗೆ ಹಾಕಿ. ಬೆಲ್ಲ, ಚಿಕ್ಕಿ, ಬಾಳೆಹಣ್ಣಿನ ಮೆಸೇಜ್ ಅವರಿಗೆ ಹೋಗಬಾರದು.

ಏಳನೇ ತಿಂಗಳ ನಂತರ ಹೊಟ್ಟೆ ಒತ್ತಿ ಊಟ ಸೇರುವುದಿಲ್ಲ. ಸ್ವಲ್ಪ ಸ್ವಲ್ಪ, ಹಲವು ಸಲ. ವಿಶ್ರಾಂತಿಯ ಮಾತೂ ಬರಲಿ. ರಾತ್ರಿ ಎಂಟು ಗಂಟೆ, ಹಗಲು ಎರಡು ಗಂಟೆ, ಎಡ ಮಗ್ಗುಲಿಗೆ. ಟೊಮೆಟೊ ಕೀಳುವ, ಕಳೆ ತೆಗೆಯುವ ಹೆಂಗಸಿಗೆ "ದಿನಾ ವಾಕಿಂಗ್ ಮಾಡಿ" ಎಂದು ಕಳಿಸುವುದು ಅನ್ಯಾಯ. ಆಕೆಗೆ ಬೇಕಾದ್ದು ಕೂರುವ ಹೊತ್ತು. ಮನೆಯಲ್ಲೇ ಇದ್ದು ತೂಕ ಜಾಸ್ತಿ ಏರುತ್ತಿರುವವರಿಗೆ, ವೈದ್ಯರು ಬೇಡ ಎಂದಿಲ್ಲದಿದ್ದರೆ, ದಿನಕ್ಕೆ ಅರ್ಧ ಗಂಟೆ ನಡಿಗೆ ಒಳ್ಳೆಯದು.

ಹೊತ್ತು ನೋಡಿ ಕಳಿಸಿ. ಬೆಳಿಗ್ಗೆ ಆರರಿಂದ ಎಂಟು, ಸಂಜೆ ಐದರಿಂದ ಏಳು ಹಾಲು ಕರೆಯುವ, ಅಡುಗೆ ಮಾಡುವ ಹೊತ್ತು. ಮಧ್ಯಾಹ್ನ ಎರಡರ ಮೇಲೆ ಒಳ್ಳೆಯದು. ರೇಷ್ಮೆ ಮನೆಗಳಲ್ಲಿ ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ (ಬಿದಿರಿನ ತಟ್ಟೆ) ಬಿಡುವ ದಿನಗಳಲ್ಲಿ ಯಾರಿಗೂ ಊಟದ ಪರಿವೆ ಇರುವುದಿಲ್ಲ, ಬಸುರಿಗೂ. ಆ ವಾರ ಉದ್ದದ ಪ್ರಶ್ನೆ ಬೇಡ. "ಊಟ ಆಯ್ತಾ ಅಮ್ಮ?" ಎಂದಷ್ಟೇ ಮಧ್ಯಾಹ್ನ ಕೇಳಿ. ಫೋನಿನ ಮೆಸೇಜ್ ಆ್ಯಪ್‌ನಲ್ಲಿ ಕಳಿಸುವ ಗುಂಡಿಯನ್ನು ಒತ್ತಿ ಹಿಡಿದರೆ ತಾರೀಕು, ಗಂಟೆ ಗೊತ್ತುಮಾಡುವ ಸೌಲಭ್ಯ ಬಹಳ ಆಂಡ್ರಾಯ್ಡ್ ಸೆಟ್‌ಗಳಲ್ಲಿದೆ. ಭಾನುವಾರ ಕೂತು ವಾರದ್ದೆಲ್ಲ ಹಾಕಿಡಬಹುದು.

ಉಪವಾಸದ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿಕೊಳ್ಳಿ. ಶಿವರಾತ್ರಿಗೆ, ರಂಜಾನ್ ತಿಂಗಳಿಗೆ ಎರಡು ಮೂರು ದಿನ ಮುಂಚೆ "ಉಪವಾಸ ಇರೋ ಯೋಚನೆ ಇದ್ರೆ ಮೊದಲು ಡಾಕ್ಟರನ್ನ ಕೇಳಿ" ಎಂದು ಗೌರವದಿಂದ ಕಳಿಸಿ.

ಹಂತ 7: ನಂಬರ್ ಬಂತು, ಈಗೇನು?

ಇಡೀ ಕೆಲಸದ ಜೀವ ಇಲ್ಲಿದೆ. ಆಕೆ ಕಷ್ಟಪಟ್ಟು ಮಷಿನ್ ಹತ್ತಿ, ನೆನಪಿಟ್ಟು "47.5" ಎಂದು ಕಳಿಸಿದ್ದಾಳೆ. ಅವತ್ತೇ ಉತ್ತರ ಹೋಗಬೇಕು. ಸುಮ್ನೆ ಬಿಟ್ಟರೆ ಮುಂದಿನ ತಿಂಗಳು ಆ ಅಂಕಿಯೂ ಬರುವುದಿಲ್ಲ.

ಒಂದು ಪುಸ್ತಕ ಇಡಿ. ಹೆಸರು, ಕೊನೆಯ ಮುಟ್ಟಿನ ತಾರೀಕು, ಎತ್ತರ, ಶುರುವಿನ ತೂಕ, ಆಮೇಲೆ ತಿಂಗಳಿಗೊಂದು ಮನೆ. ಬಂದ ಅಂಕಿ ಬರೆದು, ಅದರಿಂದ ಹಿಂದಿನ ತಿಂಗಳದ್ದನ್ನು ಕಳೆದು, ವ್ಯತ್ಯಾಸವನ್ನು ಕೆಂಪು ಪೆನ್ನಿನಲ್ಲಿ ಪಕ್ಕದಲ್ಲೇ ಬರೆಯಿರಿ. ನೀವು ನೋಡಬೇಕಾದ್ದು ಆ ಕೆಂಪು ಅಂಕಿ.

*ತಿಂಗಳಿಗೆ ಒಂದೂವರೆಯಿಂದ 2 ಕೆಜಿ ಏರಿದ್ದರೆ:* "ತುಂಬಾ ಸರಿಯಾಗಿದೆ ಅಮ್ಮ. ಈಗ ತಿನ್ನುತ್ತಿರೋದನ್ನೇ ಮುಂದುವರಿಸಿ." ಇಷ್ಟು ಸಾಕು. ಇದಕ್ಕೆ ಇನ್ನೊಂದು ಉಪದೇಶ ಅಂಟಿಸಬೇಡಿ. ಬಿಎಂಐ 25 ದಾಟಿದವರಿಗೆ ತಿಂಗಳಿಗೆ ಒಂದು ಕೆಜಿಯೇ ಸರಿ ಎಂಬುದು ನೆನಪಿರಲಿ.

*ಒಂದು ಕೆಜಿಯೂ ಏರಿಲ್ಲದಿದ್ದರೆ:* ಮೊದಲು ಮಷಿನ್ ಅದೇನಾ ಎಂದು ಕೇಳಿ. ಹೌದಾದರೆ ಕಾರಣ ಕೇಳಿ, ಆಕೆಗೆ ಬರೆಯಲು ಸುಲಭವಾಗುವಂತೆ: "ಊಟ ಯಾಕೆ ಸೇರ್ತಿಲ್ಲ? 1 ವಾಂತಿ, 2 ಹೊಟ್ಟೆ ಉರಿ, 3 ಮಲಬದ್ಧತೆ, 4 ಕೆಲಸ ಜಾಸ್ತಿ, 5 ಬೇರೆ. ನಂಬರ್ ಕಳಿಸಿ." ಇದು ಉದ್ದವಾಗುತ್ತದೆ, ಒಂದೇ ಎಸ್‌ಎಂಎಸ್‌ನಲ್ಲಿ ಹಿಡಿಯುವುದಿಲ್ಲ. ಆದರೂ ಕಳಿಸಿ, ಬೆಲೆ ಇದೆ. 5 ಬಂದರೆ ಮೆಸೇಜ್ ನಿಲ್ಲಿಸಿ ಫೋನ್ ಮಾಡಿ, ಇಲ್ಲವೇ ಮನೆಗೆ ಹೋಗಿ. ಆ 5ರ ಒಳಗೆ ಮನೆಯ ಜಗಳ, ಗಂಡನ ಕುಡಿತ, ಮನೆಯಲ್ಲಿ ದಿನಸಿಯೇ ಇಲ್ಲದಿರುವುದು, ಏನು ಬೇಕಾದರೂ ಇರಬಹುದು. ಅದನ್ನು ಗಂಡನ ಫೋನಿನಲ್ಲಿ ಟೈಪ್ ಮಾಡಲು ಆಕೆಗೆ ಆಗುತ್ತದಾ?

ಕಾರಣ ತಿಳಿದ ಮೇಲೆ ಒಂದೇ ಒಂದು ಬದಲಾವಣೆ ಹೇಳಿ, 15 ದಿನ ಬಿಟ್ಟು ಮತ್ತೆ ತೂಕ ಕೇಳಿ. ಎರಡು ತಿಂಗಳು ಸತತ ಏರಿಲ್ಲದಿದ್ದರೆ, ಅಥವಾ ನಾಲ್ಕನೇ ತಿಂಗಳ ನಂತರ ತೂಕ ಇಳಿದಿದ್ದರೆ, ವೈದ್ಯರಿಗೆ ತೋರಿಸಲೇಬೇಕು. ರಕ್ತಹೀನತೆ, ಮೂತ್ರದ ಸೋಂಕು, ಕ್ಷಯ, ಮಗುವಿನ ಬೆಳವಣಿಗೆ ನಿಧಾನವಾಗಿರುವುದು, ಯಾವುದೂ ಮೆಸೇಜಿನಲ್ಲಿ ಗೊತ್ತಾಗುವುದಿಲ್ಲ. ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಹೆಂಗಸರಿಗೆ ಉಚಿತ, ಜಿಲ್ಲಾಸ್ಪತ್ರೆಗೆ ಹೋಗುವ ಖರ್ಚಿನ ಮಾತು ಬಂದರೆ ಅದನ್ನೂ ನೆನಪಿಸಿ.

*3 ಕೆಜಿ ಮೀರಿದ್ದರೆ:* ಊಟದ ಮಾತು ಆಮೇಲೆ. ಅವತ್ತೇ ಫೋನ್ ಮಾಡಿ ಮುಖ, ಕೈ ಊದಿದೆಯಾ, ತಲೆನೋವು, ಕಣ್ಣು ಮಂಜು, ಮೇಲ್ಹೊಟ್ಟೆ ನೋವು ಇದೆಯಾ ಕೇಳಿ. ಒಂದು ಇದ್ದರೂ ತಕ್ಷಣ ಆಸ್ಪತ್ರೆ. ಏನೂ ಇಲ್ಲದಿದ್ದರೂ ಮರುದಿನ ಬಿಪಿ, ಮೂತ್ರ, ಸಕ್ಕರೆ ನೋಡಿಸಿ. ಎಲ್ಲ ಸರಿ ಇದ್ದರೆ ಆಮೇಲೆ ಬೇಕರಿ ಪಫ್, ಬೋಂಡ, ಕೂಲ್‌ಡ್ರಿಂಕ್ಸ್, ಸಕ್ಕರೆ ಜಾಸ್ತಿ ಹಾಕಿದ ಕಾಫಿ, ಇವುಗಳ ಲೆಕ್ಕ ಕೇಳಿ. ಊಟ ಬಿಡಿ ಎಂದು ಮಾತ್ರ ಯಾವತ್ತೂ ಹೇಳಬೇಡಿ. ಬಸುರಿನಲ್ಲಿ ತೂಕ ಇಳಿಸುವ ಡಯಟ್ ಇಲ್ಲ, ಏರುವ ವೇಗ ತಗ್ಗಿಸುವುದು ಅಷ್ಟೇ. "ಮುದ್ದೆ ಅರ್ಧ ಕಡಿಮೆ, ಸೊಪ್ಪು ಕಾಳು ಒಂದು ಸೌಟು ಜಾಸ್ತಿ" ಅನ್ನುವ ತರಹದ ಮಾತು ಸಾಕು.

*ಉತ್ತರವೇ ಬರದಿದ್ದರೆ:* ಮೂರು ದಿನ ಬಿಟ್ಟು ಇನ್ನೊಂದು ಸಲ ಕೇಳಿ. ಆಗಲೂ ಬರದಿದ್ದರೆ ಮನೆಗೆ ಹೋಗುವ ಪಟ್ಟಿಯಲ್ಲಿ ಆಕೆಯ ಹೆಸರು ಮೇಲೆ ಬರಲಿ. ಮೆಸೇಜ್ ವ್ಯವಸ್ಥೆಯ ಅತಿ ದೊಡ್ಡ ಲಾಭ ನನ್ನ ಪ್ರಕಾರ ಇದೇ. ಯಾರ ಮನೆಗೆ ಮೊದಲು ಹೋಗಬೇಕು ಎಂದು ಅದು ತೋರಿಸಿಕೊಡುತ್ತದೆ.

ತಿಂಗಳಿಗೊಮ್ಮೆ ಎಲ್ಲರಿಗೂ ತಪ್ಪದೆ ಹೋಗಬೇಕಾದ ಮೆಸೇಜ್ ಒಂದಿದೆ: "ರಕ್ತ ಹೋದರೆ, ನೀರು ಒಡೆದರೆ, ಮಗು ಆಡೋದು ಕಡಿಮೆ ಆದರೆ, ತಲೆನೋವು, ಊತ, ಜ್ವರ ಬಂದರೆ ಮೆಸೇಜ್ ಮಾಡಬೇಡಿ. 108ಕ್ಕೆ ಫೋನ್ ಮಾಡಿ." ಸಲಹೆ ಕೇಳಲು 104 ಇದೆ, ಅದನ್ನೂ ಸೇವ್ ಮಾಡಿಕೊಡಿ.

ಹಂತ 8: ತವರಿಗೆ ಹೋದ ಮೇಲೆ

ಸೀಮಂತ ಮುಗಿಸಿ ತವರಿಗೆ ಹೋದಳು ಅಂದರೆ ಆಶಾ ಬೇರೆ, ಅಂಗನವಾಡಿ ಬೇರೆ, ಮಷಿನ್ ಬೇರೆ, ಫೋನೂ ಬೇರೆ. ಎಷ್ಟೋ ತಾಯಿ ಕಾರ್ಡ್‌ಗಳಲ್ಲಿ ತೂಕದ ಸಾಲು ಏಳನೇ ತಿಂಗಳಿಗೇ ನಿಂತಿರುತ್ತದೆ. ಮಗು ಅತಿ ಜಾಸ್ತಿ ಬೆಳೆಯುವುದು ಆಮೇಲೆಯೇ ಅಲ್ವಾ?

ಸೀಮಂತದ ಶಾಸ್ತ್ರಕ್ಕೆ ಒಂದು ವಾರ ಮುಂಚೆ ಕೇಳಿ: "ತವರಿಗೆ ಯಾವಾಗ ಹೋಗ್ತೀರಾ? ಅಲ್ಲಿ ಯಾರ ಫೋನ್‌ಗೆ ಕಳಿಸಲಿ?" ತಾಯಿಯ ನಂಬರ್ ತಗೊಳ್ಳಿ. ಹೊರಡುವ ದಿನ ಇಲ್ಲಿನ ಮಷಿನ್‌ನಲ್ಲಿ ಒಂದು ತೂಕ, ತಲುಪಿದ ವಾರದಲ್ಲೇ ಅಲ್ಲಿನ ಮಷಿನ್‌ನಲ್ಲಿ ಒಂದು ತೂಕ ನೋಡಿಸಿ. ಅಲ್ಲಿಂದ ಮುಂದೆ ಅಲ್ಲಿಯ ಅಂಕಿಯಿಂದಲೇ ಲೆಕ್ಕ. ಸಾಧ್ಯವಾದರೆ ಆ ಊರಿನ ಆಶಾಗೆ ಫೋನ್ ಮಾಡಿ ವಿಷಯ ದಾಟಿಸಿ. ತವರು ಆಂಧ್ರದ ಗಡಿಯಾಚೆ ಇದ್ದರೆ ಅಲ್ಲಿನ ಕಾರ್ಯಕರ್ತೆಯ ನಂಬರನ್ನು ಆಕೆಯ ತಾಯಿಯಿಂದಲೇ ಕೇಳಿ ಪಡೆಯಿರಿ, ಮತ್ತು ಕಾರ್ಡನ್ನು ಜೊತೆಗೆ ಒಯ್ಯಲು ಹೇಳಿ.

ತವರಲ್ಲಿ ಪ್ರೀತಿ ಜಾಸ್ತಿ, ಕೆಲಸ ಕಡಿಮೆ. ತೂಕ ಏರದವರಿಗೆ ಅದು ವರ. ಈಗಾಗಲೇ ಜಾಸ್ತಿ ಏರಿದವರಿಗೆ ತುಪ್ಪದ ಉಂಡೆಗಳ ಮೇಲೆ ಸ್ವಲ್ಪ ಹಿಡಿತ ಬೇಕು. ಈ ಮೆಸೇಜನ್ನು ಆಕೆಯ ಅಮ್ಮನಿಗೆ, ಬಹಳ ನಯವಾಗಿ ಬರೆಯಿರಿ.

ಹಂತ 9: ನಿಲ್ಲಿಸುವುದು

ಗರ್ಭ ನಿಲ್ಲದೆ ಹೋದರೆ, ಮಗು ಉಳಿಯದೆ ಹೋದರೆ, ಸುದ್ದಿ ತಿಳಿದ ಗಂಟೆಯಲ್ಲೇ ಆಕೆಯ ನಂಬರನ್ನು ಎಲ್ಲ ಲಿಸ್ಟ್‌ಗಳಿಂದ ತೆಗೆಯಿರಿ. ಮೊದಲೇ ಗೊತ್ತುಮಾಡಿಟ್ಟ ಮೆಸೇಜ್‌ಗಳನ್ನೂ ಒಂದೊಂದಾಗಿ ಅಳಿಸಿ. ಖಾಲಿ ಮಡಿಲಿನ ಹೆಂಗಸಿಗೆ "ಈ ತಿಂಗಳು ತೂಕ ಎಷ್ಟು ಬಂತು?" ಎಂದು ಹೋಗುವುದಕ್ಕಿಂತ ದೊಡ್ಡ ಗಾಯ ಇಲ್ಲ. ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ. ಆಕೆಯನ್ನು ನೋಡಲು ಮನೆಗೆ ಹೋಗಿ.

ಹೆರಿಗೆ ಸುಖವಾಗಿ ಆದರೆ ಮೂರು ಅಂಕಿ ಕೇಳಿ ಬರೆದುಕೊಳ್ಳಿ. ಹೆರಿಗೆಗೆ ಮುಂಚಿನ ಕೊನೆಯ ತೂಕ, ಮಗುವಿನ ತೂಕ, ಎಷ್ಟನೇ ವಾರ. ಹತ್ತಿಪ್ಪತ್ತು ಹೆಂಗಸರ ಪುಟ ಒಟ್ಟಿಗೆ ಇಟ್ಟು ನೋಡಿದರೆ, ಯಾರಿಗೆ ಮೆಸೇಜ್ ಮುಟ್ಟಿತು, ಯಾರ ಉತ್ತರ ಯಾವ ತಿಂಗಳಲ್ಲಿ ನಿಂತಿತು, ಯಾವ ಮಾತನ್ನು ಬದಲಿಸಬೇಕು ಎಂದು ನಿಮ್ಮ ಊರಿನ ಮಟ್ಟಿಗೆ ನಿಮಗೇ ತಿಳಿಯುತ್ತದೆ. ಆಮೇಲೆ ಆಕೆಯ ಹೆಸರನ್ನು ಬಸುರಿಯರ ಲಿಸ್ಟಿನಿಂದ ತೆಗೆದು ಬಾಣಂತಿಯರ ಲಿಸ್ಟಿಗೆ ಹಾಕಿ. ಮಾತೃಪೂರ್ಣದ ಊಟ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆ ಆರು ತಿಂಗಳವರೆಗೆ ಮುಂದುವರಿಯುತ್ತವೆ, ಆ ಲಿಸ್ಟಿನ ಮೊದಲ ಮೆಸೇಜ್ ಅದೇ ಇರಲಿ.